ಚಂದ್ರಂಕಿ ಅಂಗಿತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಆಕಾಶದಲ್ಲಿ ಏನನ್ನೂ ನೋಡಿದವಳಲ್ಲ. ಮೂರು ವರ್ಷ ಕತ್ತೆತ್ತಿ ಕತ್ತೆತ್ತಿ ಕುತ್ತಿಗೆ ನೋವು ಬಂತೇ ಹೊರತು ಒಂದೇ ಒಂದು ಹಾರುವ ತಟ್ಟೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ನೋಡಿದವರು ಹೇಳಿದ್ದನ್ನು ಟೈಪ್ ಮಾಡುವುದಷ್ಟೇ ನನ್ನ ಕೆಲಸ. ಅದನ್ನೂ ಒಂದು ಸಲ ಎಂಥಾ ಚೆಂದಕ್ಕೆ ಮಾಡಿದೆ ಅಂದರೆ, ಇವತ್ತಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಎಂಬತ್ತರ ದಶಕದ ಮಾತು. ದಾವಣಗೆರೆಯಿಂದ ರಾಮನಗರಕ್ಕೆ ಸರ್ಕಾರಿ ಕಚೇರಿಯೊಂದರ ಬೆರಳಚ್ಚುಗಾರ್ತಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸಂಜೆಯಾದರೆ ಹೊತ್ತು ಹೋಗುತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದರು, ಮೈಸೂರು ಪೇಟ ಸುತ್ತಿಕೊಳ್ಳುವವರು. ಒಂದು ದಿನ ಅವರು ಒಂದು ಹಾಳೆ ಹಿಡಿದುಕೊಂಡು ಬಂದು, "ಇದನ್ನ ಸ್ಟೆನ್ಸಿಲ್ ಮಾಡಿಕೊಡ್ತೀಯೇನಮ್ಮಾ?" ಅಂದರು. ನೋಡಿದರೆ, 'ಆಕಾಶದಲ್ಲಿ ಅಪರಿಚಿತ ವಸ್ತು ಕಂಡವರಿಗೆ ಇಪ್ಪತ್ತು ಪ್ರಶ್ನೆಗಳು'. ನನಗೆ ನಗು ತಡೆಯಲಿಲ್ಲ. ಮೇಷ್ಟ್ರಿಗೆ ಕಿವಿ ಮಂದ, ನಕ್ಕದ್ದು ಕೇಳಿಸಲಿಲ್ಲ. ಅದೇ ಒಳ್ಳೆಯದಾಯಿತು. ಟೈಪ್ ಮಾಡುತ್ತಾ ಮಾಡುತ್ತಾ ಹನ್ನೆರಡನೇ ಪ್ರಶ್ನೆಗೆ ಬರುವಷ್ಟರಲ್ಲಿ ನಗು ಹೋಗಿ, ಇದಕ್ಕೆಲ್ಲಾ ಯಾರು ಏನು ಉತ್ತರ ಕೊಡಬಹುದು ಅನ್ನುವ ಕುತೂಹಲ ಹುಟ್ಟಿಬಿಟ್ಟಿತ್ತು.

ಇಂಥವನ್ನು ಕಂಡವರನ್ನು ಹುಡುಕಿ ವಿಚಾರಿಸಲು ಮೇಷ್ಟ್ರು ಒಂದು ಸಂಘ ಕಟ್ಟಿದ್ದರು, ಸಂಘ ಅಂದರೆ ನಾವು ಮೂವರೇ. ಮೇಷ್ಟ್ರು, ನಾನು, ಇನ್ನೊಬ್ಬರು ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇಟ್ಟಿದ್ದ ಸಾಹೇಬರು. ಸಾಹೇಬರ ಹತ್ತಿರ ಬೈನಾಕ್ಯುಲರ್ ಇತ್ತು, ಹಾಗಾಗಿ ಉಪಾಧ್ಯಕ್ಷರು. ಭಾನುವಾರ ಮೇಷ್ಟ್ರ ಜಗಲಿಯಲ್ಲಿ ಸಭೆ. ಯಾರೋ ಕೆಂಗಲ್ ಹತ್ತಿರ ಬಸ್ಸಿನಿಂದ ಬೆಂಕಿ ಉಂಡೆ ನೋಡಿದರಂತೆ, ಹೋಗಿ ವಿಚಾರಿಸು. ಬೈರಮಂಗಲದ ಕೆರೆ ನೀರಿನೊಳಗೆ ಬೆಳಕು ಓಡಿತಂತೆ, ಹೋಗಿ ವಿಚಾರಿಸು. ಹೆಚ್ಚಿನವು ಲಾರಿ ಲೈಟು, ಹವಾಮಾನದ ಬಲೂನು, ಇಲ್ಲವೇ ಶುಕ್ರಗ್ರಹ. ಮಾಗಡಿಯವರೊಬ್ಬರು ಮೂರು ಪುಟ ಹೇಳಿ ಮುಗಿಸಿ, ಕೊನೆಗೆ "ಇದೆಲ್ಲಾ ನನ್ ಭಾಮೈದ ನೋಡಿದ್ದು, ನಾನಲ್ಲ" ಅಂದರು. ಟೈಪ್ ಮಾಡಿದ ಮೂರೂ ಹಾಳೆ ಹರಿದು ಹಾಕಿದೆ. ಆದರೂ ಪ್ರತಿಯೊಂದು ಹೊಸ ಕಾಗದ ಬಂದಾಗ, ಇದು ಅದಿರಬಹುದೇನೋ ಅಂತ ಎದೆ ಡವಡವ ಅನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಆಚೆಯ ಒಂದು ಹಳ್ಳಿಯಿಂದ ಕಾರ್ಡು ಬಂತು. ಬರೆದವರು ಆ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ, ಹೇಳಿ ಬರೆಸಿದವಳು ಒಬ್ಬ ಅಜ್ಜಿ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಹುಣಸೆ ಮರದ ಮೇಲೆ ಏನೋ ಕಂಡಿದೆ, ಅದೇನೆಂದು ತಿಳಿದವರು ಬಂದು ಹೇಳಬೇಕು, ಅಂತ. ಗಮನಿಸಿ, ನಾನು ಕಂಡೆ, ನಂಬಿ, ಅಂತಲ್ಲ. ಅದೇನು ಹೇಳಿ, ಅಂತ. ಹಾಗೆ ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಆ ವಾರ ಸಾಹೇಬರು ನೂಲು ಮಾರಲು ಪರಊರಿಗೆ ಹೋಗಿದ್ದರು. ನನಗೆ ರಜೆ ಸಿಗಲಿಲ್ಲ. ಮೇಷ್ಟ್ರು ಒಬ್ಬರೇ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿಬಂದರು. ಬಂದವರು ಕ್ಯಾಸೆಟ್ ಮತ್ತು ನೋಟ್‌ಬುಕ್ಕು ನನ್ನ ಮೇಜಿನ ಮೇಲಿಟ್ಟು, "ಬಹಳ ಚೆನ್ನಾಗಿ ಹೇಳಿದರಮ್ಮಾ" ಅಂದರು. ಏನು ಹೇಳಿದರು ಅಂದರೆ, "ನೀನು ಟೇಪ್ ಕೇಳು" ಅಂದರು. ಅವರಿಗೆ ಅರ್ಧ ಕೇಳಿಸಿರಲಿಲ್ಲ ಅನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು.

ನೋಟ್‌ಬುಕ್ಕಿನಲ್ಲಿ ಅಜ್ಜಿಯ ಕೈಯಲ್ಲೇ ಬರೆಸಿದ ಚಿತ್ರವಿತ್ತು. ಜನ್ಮದಲ್ಲಿ ಪೆನ್ಸಿಲ್ ಹಿಡಿಯದ ಕೈ. ಒಂದು ಸೊಟ್ಟ ಚೌಕ, ಅದರೊಳಗೆ ಸುತ್ತುಸುತ್ತಾಗಿ ಒಂದು ದುಂಡು. ಮೇಷ್ಟ್ರಿಗೆ ಬಹಳ ಖುಷಿ. ಶಾಲೆಯಲ್ಲಿ ಮಕ್ಕಳಿಗೆ ಅವರು ಮೊದಲು ಚೌಕಟ್ಟು ಹಾಕಿಕೊಂಡು ಆಮೇಲೆ ಚಿತ್ರ ಬರೆಯಿರಿ ಅಂತ ಹೇಳಿಕೊಡುತ್ತಿದ್ದರಂತೆ. "ಯಾರೂ ಹೇಳದೆ ತಾನೇ ಚೌಕಟ್ಟು ಹಾಕಿದ್ದಾರೆ ನೋಡು!" ಅಂತ ಮೆಚ್ಚಿಕೊಂಡರು.

ನಾನು ಕ್ಯಾಸೆಟ್ ಹಾಕಿದೆ. ಮೇಷ್ಟ್ರು ದೊಡ್ಡ ದನಿಯಲ್ಲಿ, "ತಾವು ಕಂಡದ್ದು ತಟ್ಟೆಯಂತೆ ಇತ್ತೇನಮ್ಮಾ?" ಅನ್ನುತ್ತಾರೆ. ಕೋಳಿ ಕೂಗುತ್ತದೆ. ಯಾರೋ ಕೆಮ್ಮುತ್ತಾರೆ. ಅಜ್ಜಿ ಹೇಳುತ್ತಾಳೆ, "ತಟ್ಟೆ ಅಲ್ಲ ಕಣಪ್ಪ, ಚಂದ್ರನಂಗಿತ್ತು. ಸುತ್ತು ತಿರುಗ್ತಿತ್ತು, ಒಸಿ ಒತ್ತು ಅಂಗೇ ನಿಂತ್ಕೊಂಡಿತ್ತು, ಆಮ್ಯಾಕೆ ಕನಕಪುರದ ಕಡೀಕೆ ಓಯ್ತು."

ಹಾಗೆ ನನಗೆ ಕೇಳಿಸಿತು. ಎರಡು ಸಲ ಹಾಕಿ ಕೇಳಿದೆ, ಮೂರನೇ ಸಲ ಕೇಳುವ ತಾಳ್ಮೆ ಇರಲಿಲ್ಲ. ಚಂದ್ರನ ಹಾಗೆ ಇತ್ತು, ಸುತ್ತು ತಿರುಗಿತು. ಅಚ್ಚುಕಟ್ಟಾಗಿ ಟೈಪ್ ಮಾಡಿ, ಚಿತ್ರದ ಕೆಳಗೆ 'ಚೌಕಟ್ಟಿನೊಳಗೆ ದುಂಡು ಆಕೃತಿ' ಅಂತ ಸೇರಿಸಿ, ನಿಯಮದ ಪ್ರಕಾರ ಒಂದು ಪ್ರತಿ ಬೆಂಗಳೂರಿನ ದೊಡ್ಡ ಸಂಘಕ್ಕೆ ಕಳಿಸಿದೆ. ಅಲ್ಲಿ ಒಬ್ಬ ಇಂಜಿನಿಯರ್ ಇದ್ದರು. ಎಲ್ಲಾ ಜಿಲ್ಲೆಗಳಿಂದ ಬಂದ ವರದಿಗಳಿಗೆ ತೀರ್ಪು ಬರೆಯುವವರು ಅವರೇ.

ಅವರು ಪಂಚಾಂಗ ತೆಗೆದರು. ಆ ದಿನ ಶುಕ್ಲಪಕ್ಷದ ಅಷ್ಟಮಿ, ಮಧ್ಯಾಹ್ನ ನಾಲ್ಕಕ್ಕೆ ಮೂಡಲ ಆಕಾಶದಲ್ಲಿ ಅರ್ಧಚಂದ್ರ ಇದ್ದೇ ಇರುತ್ತಾನೆ. ಮುಗಿಯಿತು. ಆ ಸಂಘದ ಮುಂದಿನ ತಿಂಗಳ ಪತ್ರಿಕೆಯಲ್ಲಿ ಬಂತು: ಸಾಕ್ಷಿ ವೃದ್ಧೆ, ದೃಷ್ಟಿ ಮಂದ, ತಲೆಸುತ್ತಿನ ತೊಂದರೆ ಇದೆ, ಕಂಡದ್ದು ಹಗಲು ಚಂದ್ರ. ದೃಷ್ಟಿ ಮಂದ ಅಂತ ನಾನು ಬರೆದಿರಲಿಲ್ಲ. ತಲೆಸುತ್ತು ಅಂತಲೂ ಬರೆದಿರಲಿಲ್ಲ. 'ಸುತ್ತು ತಿರುಗ್ತಿತ್ತು' ಅನ್ನುವುದಕ್ಕೆ ಅವರು ತಲೆಯನ್ನು ತಾವೇ ಸೇರಿಸಿಕೊಂಡಿದ್ದರು. ಅದನ್ನು ನೋಡಿ ಒಂದು ಸಂಜೆ ಪತ್ರಿಕೆಯವರು ಚಿಕ್ಕದಾಗಿ ತಮಾಷೆ ಮಾಡಿ ಹಾಕಿದರು, ಹಗಲಲ್ಲಿ ಚಂದ್ರನನ್ನು ಕಂಡು ಹೆದರಿದ ಅಜ್ಜಿ ಅಂತ. ಊರಿನ ಹೆಸರು ಸಮೇತ. ನಾನೂ ಓದಿ ನಕ್ಕೆ. ಹೌದು, ನಕ್ಕೆ. ಫೈಲು ಮುಚ್ಚಿ ಇನ್ನೊಂದು ಫೈಲು ತೆಗೆದೆ.

ನಾಲ್ಕೈದು ತಿಂಗಳಾದ ಮೇಲೆ ಒಂದು ಭಾನುವಾರ ಸಾಹೇಬರು ಮುಖ ಸಪ್ಪಗೆ ಮಾಡಿಕೊಂಡು ಸಭೆಗೆ ಬಂದರು. "ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಒಂದು ವಿಷಯ ಕೇಳ್ದೆ ಮೇಡಂ. ಚಂದ್ರನ್ನ ಕಂಡ ಅಜ್ಜಿ ಇದಾರಲ್ಲ, ಆ ಊರಿನ ಗೂಡು ಅಂದ್ರೆ ನಾನು ಕಣ್ಣು ಮುಚ್ಕೊಂಡು ತಗೋತಿದ್ದೆ. ಈ ಸಲ ನೋಡಿ, ಅರ್ಧಕ್ಕರ್ಧ ತೆಳ್ಳಗೆ. ಯಾಕಪ್ಪಾ ಹಿಂಗೆ ಅಂತ ರೈತನ್ನ ಕೇಳಿದ್ರೆ, ಹುಳ ಹಣ್ಣಾಗೋ ಮುಂಚೇನೆ ಹಾಕ್ಬುಟ್ವಿ ಅಂದ. ದೊಡ್ಡವ್ವನ್ನ ಕರೀಲಿಲ್ವಾ ಅಂದೆ. ಅವ್ಳಿಗೆ ಕಣ್ಣು ಓಗೈತಂತೆ ಸಾಹೇಬ್ರೆ, ಪೇಪರ್‌ನಾಗೇ ಬಂದೈತೆ, ಅಂದ."

ನನಗೆ ಅರ್ಥವಾಗಲಿಲ್ಲ. ಸಾಹೇಬರು ಬಿಡಿಸಿ ಹೇಳಿದರು. ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಟ್ಟು, ಸೊಪ್ಪು ತಿಂದೂ ತಿಂದೂ ಕೊನೆಗೊಂದು ಹೊತ್ತಿನಲ್ಲಿ ತಿನ್ನುವುದು ನಿಲ್ಲಿಸುತ್ತದೆ. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲಾ ಹೊಳೆಯುತ್ತದೆ. ಅದಕ್ಕೆ ಹಣ್ಣಾಗುವುದು ಅನ್ನುತ್ತಾರೆ. ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿಡಬೇಕು. ಬೇಗ ಬಿಟ್ಟರೆ ಗೂಡು ಜಾಳು, ತಡವಾದರೆ ಸೊಪ್ಪಿನಲ್ಲೇ ನೂಲು ಬಿಟ್ಟು ಹಾಳು. ಆ ಹೊತ್ತು ಯಾವುದು ಅಂತ ಹೇಳುವುದಕ್ಕೆ ಊರಿಗೆ ಊರೇ ಈ ಅಜ್ಜಿಯನ್ನು, ಅವರ ದೊಡ್ಡವ್ವನನ್ನು, ಕರೆಯುತ್ತಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ ಹೇಳಿದರೆ ಆಯಿತು. ಈಗ ಯಾರೂ ಕರೆಯುತ್ತಿಲ್ಲ.

"ಆದ್ರೂ ಚಂದ್ರನ್ನ ನೋಡಿ ಗೊತ್ತಾಗ್ಲಿಲ್ಲ ಅಂದ್ರೆ ಕಣ್ಣು ಹೋಗಿರಬೇಕಲ್ವಾ?" ಅಂದೆ, ನನ್ನ ಬುದ್ಧಿಗೆ ಏನು ಹೇಳಲಿ.

ಸಾಹೇಬರು, "ಕ್ಯಾಸೆಟ್ ಹಾಕಿ" ಅಂದರು. ಹಾಕಿದೆ. ಆ ಸಾಲು ಬಂದ ತಕ್ಷಣ ಕೈಯೆತ್ತಿ ನಿಲ್ಲಿಸಿದರು.

"ಅರೆ ಮೇಡಂ, ಇದ್ರಲ್ಲಿ ಚಂದ್ರ ಎಲ್ಲವನೆ? ಚಂದ್ರಂಕಿ! ಚಂದ್ರಂಕಿ ಅಂಗಿತ್ತು ಅಂತವ್ರೆ!"

"ಹಾಗಂದ್ರೆ?"

ಸಾಹೇಬರು ನನ್ನ ಮುಖವನ್ನೇ ನೋಡಿದರು. ಎದ್ದು, "ಬನ್ನಿ" ಅಂತ ಬೀದಿಯ ತುದಿಗೆ ಕರೆದುಕೊಂಡು ಹೋದರು. ಒಂದು ಮನೆಯ ಗೋಡೆಗೆ ನಾಲ್ಕಾರು ಬಿದಿರಿನ ಚಾಪೆ ಒರಗಿಸಿದ್ದರು, ಆಳುದ್ದ ಇರಬಹುದು. ಕಚೇರಿಗೆ ಹೋಗುವಾಗ ದಿನಾ ನೋಡುತ್ತಿದ್ದೆ, ಬಸ್ಸಿನಿಂದಲೂ ಎಷ್ಟೋ ಹಟ್ಟಿಗಳ ಮುಂದೆ ನೋಡಿದ್ದೆ. ಬಚ್ಚಲಿಗೆ ಮರೆ ಮಾಡುವ ತಡಿಕೆ ಅಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ, ಚೌಕದ ಚಾಪೆ, ಅದರ ಮೇಲೆ ಬಿದಿರಿನ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಸುತ್ತುಸುತ್ತಾಗಿ ನಿಲ್ಲಿಸಿ ಹೊಲಿದಿದ್ದಾರೆ. ಆ ಸುತ್ತುಗಳ ಸಂದಿನಲ್ಲಿ ಹುಳ ಗೂಡು ಕಟ್ಟುತ್ತದೆ. ಪುಸ್ತಕದ ಮಾತಿನಲ್ಲಿ ಚಂದ್ರಿಕೆ, ಊರವರ ಬಾಯಲ್ಲಿ ಚಂದ್ರಂಕಿ.

ಸೊಟ್ಟ ಚೌಕ, ಒಳಗೆ ಸುತ್ತು. ಅಯ್ಯೋ ದೇವರೇ, ಚೌಕಟ್ಟಲ್ಲ ಅದು! ತಟ್ಟೆ ಅಂದರೂ ಅವರಿಗೆ ಹುಳ ಸಾಕುವ ದುಂಡನೆಯ ಬಿದಿರು ತಟ್ಟೆ. ತಟ್ಟೆ ಅಲ್ಲ, ಚಂದ್ರಂಕಿ ಅಂತ ಅಜ್ಜಿ ಅಳೆದು ತೂಗಿ ಹೇಳಿದ್ದಳು. ನಮ್ಮ ಸಂಘಕ್ಕೆ ಬಂದ ಸಾಕ್ಷಿಗಳಲ್ಲೆಲ್ಲಾ ಅಷ್ಟು ಖಚಿತವಾದ ಮಾತು ಇನ್ನೊಂದಿರಲಿಲ್ಲ. ಅದರ 'ಕಿ' ಕಿತ್ತು ನಾನು ಚಂದ್ರ ಮಾಡಿಟ್ಟಿದ್ದೆ.

ನಾಚಿಕೆಯಾದರೆ ನನಗೆ ಮೊದಲು ಬರುವುದು ಸಿಟ್ಟು. "ಆ ವಾರ ನೀವು ಊರಲ್ಲಿರದೆ ಎಲ್ಲಿ ಹಾಳಾಗಿ ಹೋಗಿದ್ರಿ?" ಅಂತ ಸಾಹೇಬರ ಮೇಲೆ ಹರಿಹಾಯ್ದೆ. ಪಾಪ, ಅವರು "ಸೇಲಂಗೆ" ಅಂದರು.

ಬೆಂಗಳೂರಿಗೆ ಎರಡು ಪುಟದ ಪತ್ರ ಬರೆದೆ. ತಪ್ಪು ನನ್ನದು, ತಿದ್ದುಪಡಿ ಹಾಕಿ ಅಂತ ಕೇಳಿಕೊಂಡೆ. ಇಂಜಿನಿಯರರ ಉತ್ತರ ಎರಡು ಸಾಲು. ಚಂದ್ರಿಕೆಯ ಹಾಗೆ ಇದ್ದರೆ ಅದು ಚಂದ್ರಿಕೆಯೇ, ಸುಂಟರಗಾಳಿಗೆ ಹಾರಿದೆ, ಪ್ರಕರಣ ಮುಗಿದಿದೆ. ಆ ಕಾಗದವನ್ನು ಉಂಡೆ ಮಾಡಿ ಎಸೆದೆ. ಆಮೇಲೆ ಎತ್ತಿಕೊಂಡು ನೆಟ್ಟಗೆ ಮಾಡಿ ಫೈಲಿಗೆ ಸೇರಿಸಿದೆ. ಸರ್ಕಾರಿ ನೌಕರಿ, ಅಭ್ಯಾಸ ಬಿಡಬೇಕಲ್ಲ.

ಪತ್ರಿಕೆ ತಿದ್ದದಿದ್ದರೆ ಹೋಗಲಿ, ಊರಾದರೂ ತಿದ್ದಿಕೊಳ್ಳಬೇಕಲ್ಲ. ಮುಂದಿನ ಭಾನುವಾರ ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿಕೊಂಡು, ಚನ್ನಪಟ್ಟಣದಲ್ಲಿ ಬಸ್ಸು ಬದಲಾಯಿಸಿ, ಒಬ್ಬಳೇ ಹೋದೆ. ಇಳಿದಾಗ ಸಂಜೆ ಐದು. ಬಸ್ಸು ನಿಲ್ಲುವುದೇ ಡೈರಿಯ ಮುಂದೆ. ಹಾಲು ಹಾಕಲು ಊರಿನ ಅರ್ಧ ಜನ ಕ್ಯಾನು, ಚೊಂಬು ಹಿಡಿದು ನಿಂತಿದ್ದರು. ಕಾರ್ಯದರ್ಶಿ ನನ್ನನ್ನು ವಿಚಾರಿಸಿಕೊಂಡು, "ಅಗೋ, ದೊಡ್ಡವ್ವ ಅಲ್ಲೇ ಕುಂತೈತೆ" ಅಂತ ತೋರಿಸಿದರು.

ಜಗಲಿಯ ಮೂಲೆಯಲ್ಲಿ ಸಣ್ಣ ಮೈಯ ಅಜ್ಜಿ, ಪಕ್ಕದಲ್ಲಿ ಖಾಲಿ ಚೊಂಬು. ನಾನು ಹೋಗಿ ಎದುರು ಕೂತು, ಯಾರು, ಏನು ಅಂತ ಹೇಳಿದೆ. ನಿಮ್ಮ ಮಾತು ಬರೆದುಕೊಂಡವಳು ನಾನು, ತಪ್ಪಾಗಿ ಬರೆದೆ ಅಂದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಬುಡವ್ವ, ಚಂದ್ರನೇ ಇರ್ಬೇಕು" ಅಂದಳು. "ಓದ್ದೋರು ಅಚ್ಚಾಕಿಸವ್ರೆ. ಮೊದ್ಮೊದ್ಲು ಅಲ್ಲ ಅಂತ ಕಿತ್ತಾಡ್ತಿದ್ದೆ. ಎಲ್ರೂ ಚಂದ್ರ ಚಂದ್ರ ಅಂತ ನಗಾಡಿ ನಗಾಡಿ, ಈಗ ಕಣ್ಮುಚ್ಚುದ್ರೆ ನಂಗೂ ಚಂದ್ರನೇ ಕಾಣ್ತನೆ. ಏನ್ ಕಂಡಿದ್ನೋ ಏನೋ. ವಯಸ್ಸಾಯ್ತು."

ಊರವರು ಹುಳ ನೋಡಲು ಕರೆಯುತ್ತಿಲ್ಲ ಅನ್ನುವುದಷ್ಟೇ ನನಗೆ ಗೊತ್ತಿತ್ತು. ಈಕೆ ತನ್ನ ಕಣ್ಣನ್ನು ತಾನೇ ನಂಬುವುದು ಬಿಟ್ಟಿದ್ದಾಳೆ ಅಂತ ನನಗೇನು ಗೊತ್ತು? ಆಕೆ ಕಂಡಿದ್ದನ್ನೇ ನಾವು ಕಿತ್ತುಕೊಂಡಿದ್ದೆವು. ಟೇಪ್ ರೆಕಾರ್ಡರನ್ನು ಹಾಲಿನ ಕ್ಯಾನಿನ ಮೇಲಿಟ್ಟು, ಸೌಂಡು ಪೂರ್ತಿ ಏರಿಸಿ, ಗುಂಡಿ ಒತ್ತಿದೆ.

ಕೋಳಿ ಕೂಗಿತು. ಯಾರೋ ಕೆಮ್ಮಿದರು. "ತಟ್ಟೆ ಅಲ್ಲ ಕಣಪ್ಪ, ಚಂದ್ರಂಕಿ ಅಂಗಿತ್ತು. ಸುತ್ತು ತಿರುಗ್ತಿತ್ತು."

ನಾನು ಒಂದು ವಿವರಣೆಯನ್ನೂ ಕೊಡಬೇಕಾಗಲಿಲ್ಲ. ಸಾಲಿನಲ್ಲಿ ನಿಂತಿದ್ದವರಲ್ಲಿ ಒಬ್ಬ, "ಲೇ, ಚಂದ್ರ ಅಲ್ಲ ಕಣ್ಲಾ! ಚಂದ್ರಂಕಿ ಅಂದದೆ ದೊಡ್ಡವ್ವ!" ಅಂತ ಕೂಗಿದ. ಇನ್ನೊಬ್ಬ, "ಚಂದ್ರಂಕಿ ಗೊತ್ತಿಲ್ವಂತೇನ್ಲಾ ಈ ಮೇಡಮ್ಮಂಗೆ?" ಅಂದ. ಬಿತ್ತು ನೋಡಿ ನಗೆ! ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು, ಗಂಡಸರು ತೊಡೆ ತಟ್ಟಿಕೊಂಡು, ನನ್ನ ಮುಖ ನೋಡಿ ನೋಡಿ ನಕ್ಕರು. ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿ ನಕ್ಕದ್ದು ಅದೊಂದೇ ಸಲ. ನಗಲಿ, ಇನ್ನೂ ನಗಲಿ ಅನಿಸಿತು.

ಹಾಲು ಹಾಕಿ ಮುಗಿಸಿದ ಮಧ್ಯವಯಸ್ಸಿನವನೊಬ್ಬ ಕ್ಯಾನು ಕೆಳಗಿಟ್ಟು ಅಜ್ಜಿಯ ಮುಂದೆ ಬಂದು ನಿಂತ. "ದೊಡ್ಡವ್ವ, ನಮ್ಮನೆ ಹುಳ ಒಸಿ ನೋಡ್ಬುಟ್ಟು ಬತ್ತೀಯಾ? ಇವತ್ತು ಸಂಜೀಕೆ ಹಾಕ್ಬೇಕು ಅಂತ ಚಂದ್ರಂಕಿ ಎಲ್ಲಾ ಇಳಿಸಿವ್ನಿ" ಅಂದ.

"ಬ್ಯಾಡ ಕಣಪ್ಪ" ಅಂದಳು ಅಜ್ಜಿ. "ನಂಗೆ ಕಣ್ಣು ಸರಿಯಾಗಿಲ್ಲ."

ಯಾರೂ ನಗಲಿಲ್ಲ. ಅಜ್ಜಿ ಟೇಪ್ ರೆಕಾರ್ಡರ್ ಕಡೆಗೇ ನೋಡುತ್ತಿದ್ದಳು. "ಇನ್ನೊಂದಪ ಆಕವ್ವ" ಅಂದಳು. ಹಾಕಿದೆ. ಕ್ಯಾನಿನ ಹತ್ತಿರಕ್ಕೆ ಕಿವಿ ತಂದು ಕೇಳಿದಳು. "ಇನ್ನೊಂದಪ." ಮೂರನೇ ಸಲ ಅಜ್ಜಿಯ ತುಟಿ ಟೇಪಿನ ಜೊತೆ ಜೊತೆಗೇ ಆಡಿತು. "ಅಂಗೇ ಕಣವ್ವ ಅಂದಿವ್ನಿ," ಅಂದಳು, "ಚೌಕ ನಿಂತಿತ್ತು, ಒಳಗ್ಲ ಸುತ್ತು ತಿರುಗ್ತಿತ್ತು. ಎಲ್ಲೋಗಿತ್ತು ಇದು ಇಷ್ಟು ದಿನ!" ಕಣ್ಣೊರೆಸಿಕೊಂಡಳು. ಆಮೇಲೆ ಚೊಂಬು ಎತ್ತಿಕೊಂಡು ಎದ್ದು, ಆ ಮನುಷ್ಯನಿಗೆ, "ನಡಿ, ಎಲ್ಲವೆ ನಿನ್ ಹುಳ" ಅಂದಳು.

ನಾವೆಲ್ಲಾ ಹಿಂದೆ ಹೋದೆವು. ಹುಳದ ಮನೆಯ ಬಾಗಿಲಲ್ಲಿ ನಿಂತು ಅಜ್ಜಿ ತಟ್ಟೆಗಳ ಕಡೆ ನೋಡಿದಳು. ಒಂದು ಹುಳವನ್ನು ಎರಡು ಬೆರಳಲ್ಲಿ ಎತ್ತಿ ಹೊರಗಿನ ಬೆಳಕಿಗೆ ಹಿಡಿದಳು. "ಇನ್ನೂ ಕಾಯಿ. ಇವತ್ತು ಬ್ಯಾಡ. ಸೊಪ್ಪಾಕು. ನಾಳೀಕೆ ಮಧ್ಯಾನ." ಆ ಮನುಷ್ಯ ಇಳಿಸಿಟ್ಟಿದ್ದ ಚಂದ್ರಂಕಿಗಳನ್ನು ಒಂದೊಂದಾಗಿ ಮತ್ತೆ ಅಟ್ಟಕ್ಕೆ ಏರಿಸಿದ.

ರಾಮನಗರಕ್ಕೆ ವಾಪಸು ಬಂದವಳು ಬೆಳಿಗ್ಗೆ ಕಚೇರಿಗೆ ರಜೆ ಚೀಟಿ ಕಳಿಸಿ ಮತ್ತೆ ಹೋದೆ. ನೋಡದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಹುಳಗಳು ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸಲು ಶುರು ಮಾಡಿದವು. ಮನೆಮಂದಿ ಎಲ್ಲಾ ಕೂತು ಆರಿಸಿದರು. ನನ್ನನ್ನೂ ಕೂರಿಸಿದರು. ನಾನು ಆರಿಸಿದ್ದರಲ್ಲಿ ಅರ್ಧವನ್ನು ಅಜ್ಜಿ ತಟ್ಟೆಗೆ ವಾಪಸು ಹಾಕಿದಳು. "ಇದು ಕಾಯಿ. ಇದೂ ಕಾಯಿ. ಕಣ್ಣು ಬುಟ್ಟು ನೋಡು ಮಗ." ಚಂದ್ರಂಕಿಯ ಸುತ್ತಿನ ಸಂದಿಯಲ್ಲಿ ಹುಳಗಳು ನೂಲು ಎಳೆಯುವುದನ್ನು ನೋಡುತ್ತಾ, ಇಂಥದ್ದು ಹುಣಸೆ ಮರದ ಮೇಲೆ ನಿಂತು, ಚೌಕ ಅಲ್ಲಾಡದೆ ಬರೀ ಸುತ್ತು ಮಾತ್ರ ತಿರುಗಿದರೆ ಹೇಗಿರಬಹುದು ಅಂತ ಕಲ್ಪಿಸಿಕೊಂಡೆ.

"ಗಾಳಿಗೆ ಹಾರಿದ ಚಂದ್ರಂಕಿಯೇ ಆಗಿರಬಹುದಾ ಅಜ್ಜಿ?" ಅಂತ ಕೇಳಿದೆ, ಇಂಜಿನಿಯರರ ಮಾತೂ ಒಂದು ಕಡೆ ಇರಲಿ ಅಂತ.

"ಚಂದ್ರಂಕಿ ಆಗಿದ್ರೆ ಚಂದ್ರಂಕಿ ಅಂತಿದ್ದೆ. ಚಂದ್ರಂಕಿ ಅಂಗಿತ್ತು ಅಂದೆ. ಅದೇನು ಅಂತ ಗೊತ್ತಿದ್ರೆ ನಿಮ್ಗ್ಯಾಕೆ ಕಾಗದ ಬರುಸ್ತಿದ್ದೆ?" ಅಂದಳು.

ಗೊತ್ತಿಲ್ಲ ಅಜ್ಜಿ, ನಮಗೂ ಗೊತ್ತಿಲ್ಲ ಅಂತ ಒಪ್ಪಿಕೊಂಡೆ. ಅಜ್ಜಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಜಗಲಿಯ ಮೇಲೆ ಕಾಲು ಮಡಿಸಿ ಕೂತಳು. "ಬರ್ಕೊ ಅಂಗಾರೆ, ಮೊದ್ಲಿಂದ" ಅಂದಳು. ನಾನು ಪೆನ್ನು ತೆಗೆದೆ. ಒಂದೊಂದು ಸಾಲು ಹೇಳಿ ನಿಲ್ಲಿಸುವಳು, ನಾನು ಬರೆದು ಓದಿ ಹೇಳಬೇಕು, ತಲೆಯಾಡಿಸಿದ ಮೇಲೆ ಮುಂದಿನ ಸಾಲು. ಆ ಮಾತು ಬಂದಾಗ ಓದಿ ಹೇಳಿದೆ. ಅಜ್ಜಿ ತಲೆಯಾಡಿಸಲಿಲ್ಲ.

"ಕಿ ಆಕ್ದಾ?" ಅಂದಳು.

"ಹಾಕಿದೆ ಅಜ್ಜಿ."

"ಎಲ್ಲಿ, ತೋರ್ಸು."

ತೋರಿಸಿದೆ. ಓದು ಬಾರದ ಅಜ್ಜಿ ಬಗ್ಗಿ ಆ ಒಂದು ಅಕ್ಷರದ ಮೇಲೆ ಬೆರಳಿಟ್ಟಳು. "ಇದುನ್ನ ಮಾತ್ರ ಬುಟ್ಬುಡ್‌ಬ್ಯಾಡ ಕಣವ್ವ" ಅಂದಳು.